ತಮ್ಮನಿಗೆ ಹೇಳದ ಏಳು ತಿಂಗಳು

ಆಸ್ಪತ್ರೆಯ ಆ ವಿಭಾಗದಲ್ಲಿ ಗಂಡಸರಿಗೆಲ್ಲ ಒಂದೊಂದು ಜಗ್ ನೀರು ಕೊಟ್ಟು ಕೂರಿಸುತ್ತಿದ್ದರು. ಕುಡಿಯಬೇಕು, ಇನ್ನು ತಡೆಯಲಾರೆ ಅನ್ನಿಸುವವರೆಗೆ ಕಾಯಬೇಕು, ಆಮೇಲೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಒಂದು ಯಂತ್ರದ ಬಾಯಿಗೆ ಮೂತ್ರ ಮಾಡಬೇಕು. ಎಷ್ಟು ರಭಸ, ಎಷ್ಟು ಹೊತ್ತು ಎಂದು ಅದು ಕಾಗದದ ಮೇಲೆ ಗೆರೆ ಎಳೆದು ತೋರಿಸುತ್ತದೆ. ಬಾಗಿಲು ತೆಳು. ಒಳಗಿನ ಸದ್ದು ಹೊರಗೆ ಕುಳಿತ ನಮಗೆಲ್ಲ ಚೆನ್ನಾಗಿ ಕೇಳುತ್ತಿತ್ತು. ಕೇಳಿಸದವರಂತೆ ಎಲ್ಲರೂ ಹಳೇ ಪತ್ರಿಕೆ ತಿರುವಿ ಹಾಕುತ್ತಿದ್ದೆವು. ನನಗಿಂತ ಮುಂಚೆ ಹೋದವನು ಎಂಬತ್ತರ ಆಸುಪಾಸಿನ, ಕೋಲೂರಿಕೊಂಡು ನಡೆಯುವ ಮುದುಕ. ಅವನದು ಖಾಲಿ ಕೊಡಪಾನಕ್ಕೆ ನಲ್ಲಿ ಬಿಟ್ಟಂತೆ ಸುರಿಯಿತು. ನನಗೆ ಐವತ್ತೇಳು. ನನ್ನದು ತೊಟ್ಟಿಕ್ಕಿತು. ಹೊರಗೆ ಬಂದಾಗ ಆ ಮುದುಕ ನನ್ನ ಕಡೆ ನೋಡಿ ಪ್ರೀತಿಯಿಂದಲೇ ನಕ್ಕ. ಅವನ ಕೋಲು ಕಿತ್ತುಕೊಂಡು ಅವನಿಗೇ ಎರಡು ಬಾರಿಸಬೇಕು ಅನ್ನಿಸಿತು.

ಕಾಯಿಲೆ ದಾಟಿ ಬಂದವರು ಬರೆದದ್ದನ್ನು ನಾನೂ ಓದಿದ್ದೇನೆ. ಅವರೆಲ್ಲ ಕಾಯಿಲೆ ಬಂದ ಮೇಲೆ ಒಳ್ಳೆಯವರಾಗಿರುತ್ತಾರೆ. ಹೂವು ನೋಡಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರೆ, ಆಗದವರನ್ನು ಕ್ಷಮಿಸುತ್ತಾರೆ. ನನಗೆ ಹಾಗೇನೂ ಆಗಲಿಲ್ಲ. ಪ್ರಾಸ್ಟೇಟ್ ಕ್ಯಾನ್ಸರ್ ಎಂದು ತಿಳಿದ ದಿನದಿಂದ ನನಗೆ ಮುಖ್ಯವಾಗಿ ಆದದ್ದು ಹೊಟ್ಟೆಕಿಚ್ಚು. ಬಸ್ಸಿನಲ್ಲಿ ಕುಳಿತ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿ, ಇವನಿಗಿಲ್ಲದ್ದು ನನಗೇ ಯಾಕೆ ಎಂದು ಉರಿದುಕೊಳ್ಳುತ್ತಿದ್ದೆ. ಈಗ ಆರು ವರ್ಷವಾಯಿತು. ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ರಕ್ತ ಕೊಟ್ಟು ಬರುತ್ತೇನೆ, ಬದುಕಿದ್ದೇನೆ. ನನ್ನ ಹಾಗೆ ಒಳಗೊಳಗೇ ಕುದಿಯುತ್ತ ಕೂತವರು ಯಾರಾದರೂ ಇದ್ದರೆ ಅವರಿಗೆಂದು ಇದನ್ನು ಬರೆಯುತ್ತಿದ್ದೇನೆ. ಅದರಲ್ಲೂ ತಮ್ಮಂದಿರಿರುವ ಅಣ್ಣಂದಿರಿಗೆ.

ನಾನು ಅಡುಗೆಯವನು. ಕುಂದಾಪುರದ ಕಡೆಯಿಂದ ಲಂಡನ್ನಿನ ಒಂದು ಸಸ್ಯಾಹಾರಿ ರೆಸ್ಟೋರೆಂಟಿಗೆ ದೋಸೆ ಹೊಯ್ಯಲು ಬಂದವನು. ಆಮೇಲೆ ಹೌನ್ಸ್ಲೋದಲ್ಲಿ, ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಅಡುಗೆಮನೆ ಸೇರಿದೆ. ಮನೆ ಕೆಂಟನ್ನಿನಲ್ಲಿ. ನಮ್ಮ ಅಡುಗೆಮನೆಯಲ್ಲಿ ಶೌಚಕ್ಕೆ ಹೋಗಬೇಕೆಂದರೆ ಬಿಳಿ ಕೋಟು ಕಳಚಬೇಕು, ತಲೆಯ ಬಲೆ ತೆಗೆಯಬೇಕು, ಬೂಟು ಬದಲಿಸಬೇಕು. ಬಂದ ಮೇಲೆ ಮೊಣಕೈವರೆಗೆ ತೊಳೆದು ಎಲ್ಲವನ್ನೂ ಮತ್ತೆ ಏರಿಸಬೇಕು. ಮಿಲೆನಿಯಂ ಪಟಾಕಿ ಸುಟ್ಟ ಮರುವರ್ಷ ನಾನು ಈ ಆಟವನ್ನು ಒಂದು ಪಾಳಿಯಲ್ಲಿ ಹತ್ತು ಸಲ ಆಡತೊಡಗಿದೆ. ಸೂಪರ್‌ವೈಸರ್ ಪೋಲೆಂಡಿನ ಹೆಂಗಸು. ಮೊದಲು ಗೊಣಗಿದಳು. ಒಂದು ದಿನ ಪಕ್ಕಕ್ಕೆ ಕರೆದು, ತನ್ನ ಅಪ್ಪನಿಗೂ ಹೀಗೇ ಆಗುತ್ತಿತ್ತು, ಡಾಕ್ಟರನ್ನು ನೋಡದೆ ನಾಳೆ ಕೆಲಸಕ್ಕೆ ಬರಕೂಡದು ಎಂದಳು. ನನಗಾಗ ಅವಳ ಮೇಲೆ ಸಿಟ್ಟೇ ಬಂದಿತ್ತು. ಈಗ ಕ್ರಿಸ್‌ಮಸ್ಸಿಗೆ ಅವಳಿಗೆ ಮೈಸೂರುಪಾಕು ಕಳಿಸುತ್ತೇನೆ.

ನಮ್ಮ ಬಡಾವಣೆಯ ಡಾಕ್ಟರು, ಇಲ್ಲಿ ಜಿಪಿ ಅನ್ನುತ್ತಾರೆ, ರಕ್ತ ತೆಗೆಸಿ ಆಸ್ಪತ್ರೆಗೆ ಬರೆದರು. ಆಸ್ಪತ್ರೆಯವರು ನೀರು ಕುಡಿಸಿದರು, ಬೆರಳಿಟ್ಟು ನೋಡಿದರು, ಸೂಜಿಯಲ್ಲಿ ಚೂರುಗಳನ್ನು ಕಿತ್ತರು. ಎರಡು ವಾರದ ಮೇಲೆ ನಾನು, ನನ್ನ ಹೆಂಡತಿ ಶಾರದೆ ಒಂದು ಸಣ್ಣ ಕೋಣೆಯಲ್ಲಿ ಕುಳಿತೆವು. ಮೇಜಿನ ಮೇಲೆ ಟಿಶ್ಯೂ ಡಬ್ಬಿ ಇಟ್ಟಿದ್ದರು. ಆಗಲೇ ನನಗೆ ಅರ್ಥವಾಗಿತ್ತು. ಡಾಕ್ಟರು ಮೆಲ್ಲಗೆ, ಬಿಡಿಸಿ ಬಿಡಿಸಿ ಹೇಳಿದರು: ಕ್ಯಾನ್ಸರ್ ಪ್ರಾಸ್ಟೇಟ್ ಗ್ರಂಥಿಯ ಹೊರಗೋಡೆ ದಾಟಿ ಸ್ವಲ್ಪ ಆಚೆ ಕಾಲಿಟ್ಟಿದೆ, ಎಲುಬಿಗೆ ಹೋಗಿಲ್ಲ, ಆಪರೇಷನ್ ಪ್ರಯೋಜನವಿಲ್ಲ, ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಆಮೇಲೆ ರೇಡಿಯೇಷನ್ ಕೊಡುತ್ತೇವೆ.

ನಾನು ಕೇಳಿದ ಮೊದಲ ಪ್ರಶ್ನೆ ಬದುಕುತ್ತೇನೆಯೇ ಎಂದಲ್ಲ. "ಡಾಕ್ಟರೇ, ನಾನು ಹುಟ್ಟಿದಾಗಿನಿಂದ ಮಾಂಸ ಮುಟ್ಟಿಲ್ಲ. ಬೀಡಿ ಸಿಗರೇಟಿಲ್ಲ, ಕುಡಿತವಿಲ್ಲ. ಏಕಾದಶಿಗೆ ನೀರೂ ಲೆಕ್ಕ ಮಾಡಿ ಕುಡಿಯುವವನು. ನನಗೆ ಹೇಗೆ ಬಂತು?"

ಡಾಕ್ಟರು ಪೆನ್ನು ಕೆಳಗಿಟ್ಟರು. ಊಟದಿಂದ ಅಷ್ಟಿಷ್ಟು ವ್ಯತ್ಯಾಸವಾಗಬಹುದು ಎಂದು ಕಾಣುತ್ತದೆ, ಗ್ರಂಥಿಯಲ್ಲಿ ಬಹುಕಾಲ ಇರುವ ಉರಿಯೂತದ ಪಾಲೂ ಇರಬಹುದು ಎಂದು ಕೆಲವರು ಹುಡುಕುತ್ತಿದ್ದಾರೆ, ಖಚಿತವಾಗಿ ಯಾರಿಗೂ ಗೊತ್ತಿಲ್ಲ, ನೀವು ತಿಂದದ್ದರಿಂದ ಇದು ಬಂತು ಎಂದು ನಾನಂತೂ ಹೇಳಲಾರೆ ಎಂದರು. ವಯಸ್ಸು ಮತ್ತು ಮನೆತನ, ಇವೆರಡೇ ಖಂಡಿತ. ತಂದೆಯ ಬಗ್ಗೆ ಕೇಳಿದರು. ಅಪ್ಪಯ್ಯ ಮೂತ್ರ ಕಟ್ಟಿ, ಸೊಂಟನೋವೆಂದು ನರಳಿ ಹೋದವರು. ಅದಕ್ಕೆ ಯಾರೂ ಒಂದು ಹೆಸರು ಹೇಳಿರಲಿಲ್ಲ.

"ಅಣ್ಣತಮ್ಮಂದಿರು?"

"ಒಬ್ಬ ತಮ್ಮ. ಇಲ್ಲೇ ಇದ್ದಾನೆ. ಐವತ್ತನಾಲ್ಕು."

"ಅವರಿಗೆ ಇವತ್ತೇ ಹೇಳಿ. ಜಿಪಿ ಹತ್ತಿರ ಹೋಗಿ ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಲಿ."

ಲಿಫ್ಟಿನಲ್ಲಿ ಶಾರದೆ ಕಣ್ಣೊರೆಸಿಕೊಂಡು ಅಂದಳು, "ಮನೆಗ್ ಹೋದ ಕೂಡ್ಲೆ ಸುಬ್ಬುಗೆ ಫೋನ್ ಮಾಡ್ಕ್."

"ನಾ ಮಾಡ್ತೆ," ಅಂದೆ.

ಮಾಡಲಿಲ್ಲ. ಮರುದಿನ ಅವಳು ಕೇಳಿದಾಗ ಹೇಳಿದೆ ಅಂದೆ. ಅಷ್ಟೇ ಅಲ್ಲ, "ಅವ್ನಿಗೆ ಈ ವಿಷಯ ಎತ್ತಿರೆ ನಾಚ್ಕಿ ಆತ್ ಅಂಬ್ರ್, ನೀನ್ ಮಾತಾಡ್ಬೇಡ" ಎಂದು ಬೇಲಿಯನ್ನೂ ಹಾಕಿದೆ. ಶಾರದೆ ನನ್ನ ಮಾತು ನಂಬಿದಳು. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಅವಳಿಗೆ ನಂಬದಿರಲು ನಾನು ಕಾರಣ ಕೊಟ್ಟಿರಲಿಲ್ಲ.

ಸುಬ್ಬುವಿನ ವಿಷಯ ಹೇಳುತ್ತೇನೆ. ಅವನನ್ನು ಲಂಡನ್ನಿಗೆ ಕರೆಸಿಕೊಂಡವನೇ ನಾನು. ಬಂದ ಎರಡನೇ ವರ್ಷಕ್ಕೆ ಅವನು ಅಡುಗೆ ಬಿಟ್ಟು ಬಸ್ ಡ್ರೈವರ್ ಆದ. ಮೂರನೇ ವರ್ಷಕ್ಕೆ ಜನಿವಾರ ಎಲ್ಲಿಟ್ಟನೋ ಅವನಿಗೇ ಗೊತ್ತಿಲ್ಲ. ಪೌಲಿನ್ ಎಂಬ ಇಂಗ್ಲಿಷ್ ಹೆಂಗಸನ್ನು ಮದುವೆಯಾದ. ಬೆಳಿಗ್ಗೆ ಬೇಕನ್ ಸ್ಯಾಂಡ್‌ವಿಚ್, ಸಂಜೆ ಪಬ್ಬು, ಜೇಬಲ್ಲಿ ಸಿಗರೇಟು. ಹೊಟ್ಟೆ ಒಂದು ಚೂರು ಬಂದಿಲ್ಲ, ತಲೆಗೂದಲು ಒಂದು ಉದುರಿಲ್ಲ. ಶನಿವಾರ ನಮ್ಮ ಮನೆಗೆ ಬಂದು, ಶಾರದೆ ಕರಿದು ಹಾಕಿದ ಗೋಳಿಬಜೆಯನ್ನು ಚಟ್ನಿಗೂ ಕಾಯದೆ ಬಾಯಿಗೆಸೆದುಕೊಳ್ಳುತ್ತ, "ಅಣ್ಣ, ನೀ ಎಂತ ಮಾರಾಯ, ಹಬೆ ಕಡುಬ್ ತಿಂತ್ ಕೂಕಂಡಿದ್ದೆ? ಸಾಯುಕೆ ಮುಂಚೆ ಒಂದ್ ದಿನ ಆದ್ರೂ ಬದ್ಕ್" ಎಂದು ನಗುತ್ತಿದ್ದ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ನಾನು ಜೀವಮಾನವಿಡೀ ಅವನಿಗೆ ಹೇಳಿದ್ದೆ. ಈಗ ಯಾವ ಮುಖ ಹೊತ್ತು ಅವನಿಗೆ ಫೋನ್ ಮಾಡಲಿ? ನಿನ್ನ ಹಬೆ ಕಡುಬಿಗೆ ಬಂದ ಬಹುಮಾನ ಇದೇನಾ ಎಂದು ಅವನು ಕೇಳುವುದಿಲ್ಲ, ಅವನು ಅಂಥವನಲ್ಲ. ಆದರೆ ಮನಸ್ಸಿನಲ್ಲಿ ಅಂದುಕೊಂಡರೆ? ಜೊತೆಗೆ ಆ ಜಾಗದ ಕಾಯಿಲೆ, ಗಂಡಸುತನ ಇಳಿಸುವ ಮದ್ದು. ನಾಚಿಕೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಚಿಕೆ ಅರ್ಧ ಮಾತ್ರ. ಉಳಿದರ್ಧ ಇದು: ಅವನಿಗೆ ಗೊತ್ತಾಗದಿರಲಿ, ಅವನಿಗೂ ಬರಲಿ, ಆಗ ನ್ಯಾಯ ಸರಿಹೋಗುತ್ತದೆ. ನಾನು ಕೈಹಿಡಿದು ನಡೆಸಿದ ತಮ್ಮ. ಅವನ ಬಗ್ಗೆ ಹೀಗೆ ಯೋಚಿಸಿದೆ. ಒಂದು ಸಲ ಅಲ್ಲ, ದಿನಾ.

ಇಂಜೆಕ್ಷನ್ ಶುರುವಾಯಿತು. ಹೊಟ್ಟೆಯ ಚರ್ಮದಡಿ ಅಕ್ಕಿಕಾಳಿನಂಥ ಒಂದು ಗುಳಿಗೆ ಸೇರಿಸುತ್ತಾರೆ. ಗಂಡಸಿನ ಹಾರ್ಮೋನು ಈ ಕ್ಯಾನ್ಸರಿಗೆ ಆಹಾರ, ಅದನ್ನು ನಿಲ್ಲಿಸಿದರೆ ಇದು ಸೊರಗುತ್ತದೆ ಎಂದು ನರ್ಸ್ ಹೇಳಿದಳು. ಅಡುಗೆಯವನಿಗೆ ಬೇಗ ತಿಳಿಯಿತು: ಗ್ಯಾಸ್ ಬಂದ್ ಮಾಡುವುದು. ಒಲೆ ಆರಿದ ಮೇಲೆ ಮೈಯೆಲ್ಲ ಬಿಸಿಯಾದದ್ದು ಮಾತ್ರ ವಿಚಿತ್ರ. ತಣ್ಣಗಿನ ಕೋಣೆಯಲ್ಲಿ ಟ್ರೇ ಜೋಡಿಸುತ್ತಿರುವಾಗಲೇ ಕುತ್ತಿಗೆಯಿಂದ ಬೆಂಕಿ ಏರಿ, ಬೆವರು ಕಾಲಿನವರೆಗೆ ಇಳಿಯುತ್ತಿತ್ತು. ಶಾರದೆಗೂ ಅದೇ ಕಾಲಕ್ಕೆ ಮುಟ್ಟು ನಿಲ್ಲುವ ಸಮಯ. ಡಿಸೆಂಬರಿನಲ್ಲಿ ಅಕ್ಕಪಕ್ಕದ ಮನೆಗಳೆಲ್ಲ ಹೀಟರ್ ಹಾಕಿ ಮುಚ್ಚಿಕೊಂಡಿದ್ದರೆ, ನಮ್ಮ ಮನೆಯ ಕಿಟಕಿಗಳೆಲ್ಲ ತೆರೆದಿರುತ್ತಿದ್ದವು. ನಾವಿಬ್ಬರೂ ಸೋಫಾದ ಎರಡು ತುದಿಯಲ್ಲಿ ಪತ್ರಿಕೆ ಬೀಸಿಕೊಳ್ಳುತ್ತಿದ್ದೆವು. ಮಗಳು ದೀಪಾ ಹದಿನೇಳರವಳು, ಕೋಟು ಹಾಕಿಕೊಂಡು ಟಿವಿ ನೋಡುತ್ತಿದ್ದಳು.

"ಹ್ವಾಯ್, ಈಗ ಗೊತ್ತಾಯ್ತಾ, ನಾನ್ ಎರಡ್ ವರ್ಷದಿಂದ ಎಂತ ಹೇಳ್ತಿದ್ದೆ ಅಂದ್ಹೇಳಿ?" ಅಂದಳು ಶಾರದೆ.

"ಗೊತ್ತಾಯ್ತೇ ಮಾರಾಯ್ತಿ."

"ಆಗ 'ಎಂತದೂ ಇಲ್ಲ, ನಿಂದ್ ಭ್ರಮೆ' ಅಂದಿದ್ರಿ."

ಅವಳು ನಕ್ಕಳು, ನಾನೂ ನಕ್ಕೆ. ಆ ಚಳಿಗಾಲದಲ್ಲಿ ನಾನು ಮನಸ್ಸು ಬಿಟ್ಟು ನಕ್ಕದ್ದು ಆ ಸೋಫಾದ ಮೇಲೆ ಮಾತ್ರ. ಆಮೇಲೆ ಹೆಂಗಸರಂತೆ ಎದೆ ಮೆತ್ತಗೆ ಊದಿತು, ಟಿವಿಯಲ್ಲಿ ನಾಯಿಮರಿಯ ಜಾಹೀರಾತು ಬಂದರೂ ಅಳು ಬರುತ್ತಿತ್ತು. ಗಂಡಹೆಂಡಿರ ನಡುವಿನ ಇನ್ನೊಂದು ಬಾಗಿಲು ಮುಚ್ಚಿಹೋಯಿತು. ಶಾರದೆ ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ರಸ್ತೆಯಲ್ಲಿ ಸುಬ್ಬು ಪೌಲಿನ್ನಳ ಸೊಂಟಕ್ಕೆ ಕೈಹಾಕಿಕೊಂಡು ನಡೆಯುವುದನ್ನು ನೋಡಿದರೆ ನನಗೆ ಮಾತ್ರ ಮೈ ಉರಿಯುತ್ತಿತ್ತು. ಆ ಉರಿಗೆ ಇಂಜೆಕ್ಷನ್ ಕಾರಣವಲ್ಲ.

ದೀಪಾ ಲೈಬ್ರರಿಯ ಕಂಪ್ಯೂಟರಿನಿಂದ ಕಾಗದದ ಕಂತೆ ಅಚ್ಚುಹಾಕಿ ತಂದಳು. ಟೊಮೇಟೊ ಬೇಯಿಸಿ ತಿನ್ನಬೇಕು, ಸೋಯಾ ಒಳ್ಳೆಯದು, ಗ್ರೀನ್ ಟೀ ಕುಡಿಯಬೇಕು, ಹಾಲು ಹಾರ್ಮೋನು ಕೆರಳಿಸಬಹುದು, ಕರಿದದ್ದು ಉರಿಯೂತ ಹೆಚ್ಚಿಸಬಹುದು. "ಅಪ್ಪಾ, ಇಟ್ಸ್ ಓನ್ಲಿ ಮೇ, ಮೇ, ಮೇ" ಎಂದು, ಎಲ್ಲವೂ ಬರೀ 'ಆಗಬಹುದು' ಅಷ್ಟೇ ಎಂದು ಅವಳೇ ಎಚ್ಚರಿಸಿದಳು. ನಮಗೆ ಅಷ್ಟು ಸಾಕಾಯಿತು. ನಮ್ಮ ಮಡಿ ಅಡುಗೆಗೆ ಟೊಮೇಟೊ ಸೇರಿಸದ ಮನೆತನದವಳು ಶಾರದೆ. ಸಾರಿಗೆ, ಗೊಜ್ಜಿಗೆ, ದೋಸೆಹಿಟ್ಟಿಗೆ ಕೂಡ ಟೊಮೇಟೊ ಸುರಿದಳು. ನಾನು ಹಾಲು ಬಿಟ್ಟೆ. ನರ್ಸನ್ನು ಕೇಳಿದರೆ, ಬಿಡಬೇಕೆಂದೇನಿಲ್ಲ, ಬಿಟ್ಟರೆ ಎಲುಬಿಗೆ ಬೇಕಾದ ಸುಣ್ಣದಂಶ ಬೇರೆ ಯಾವುದರಿಂದಾದರೂ ಸಿಗುವಂತೆ ನೋಡಿಕೊಳ್ಳಿ ಎಂದಳು. ನನಗೆ ಏನನ್ನಾದರೂ ಬಿಡಲೇಬೇಕಿತ್ತು. ಸುಮ್ಮನೆ ಕೂತು ಕಾಯುವುದು ನನ್ನಿಂದಾಗುತ್ತಿರಲಿಲ್ಲ.

ಹಾಲು ಬಿಟ್ಟದ್ದೇ ನನ್ನ ಕುತ್ತಿಗೆಗೆ ಬಂತು. ನಾವು ಮಾಧ್ವರು. ಮಳೆಗಾಲದ ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ ಬಿಡುವುದು ಹಿರಿಯರಿಂದ ಬಂದ ಪದ್ಧತಿ. ನಾನು ಹಾಲು ಬಿಟ್ಟಾಗ ಭಾದ್ರಪದ ಮುಗಿಯುತ್ತಿತ್ತು, ಕ್ಷೀರವ್ರತದ ಕಾಲವೇ ಹತ್ತಿರವಿತ್ತು. ಯಾರೋ ಕಾಫಿ ಕೊಟ್ಟಾಗ "ಕ್ಷೀರವ್ರತ" ಎಂದೆ. ಎಂಥ ಸಲೀಸು! ಕಾಯಿಲೆಯ ಹೆಸರು ಹೇಳಬೇಕಾಗಿಲ್ಲ, ಮೇಲಿಂದ ಗೌರವ ಬೇರೆ. ಆ ತಿಂಗಳು ಮುಗಿದರೂ ನನ್ನ ವ್ರತ ಮುಗಿಯಲಿಲ್ಲ. ದೀಪಾವಳಿಯಲ್ಲಿ ಕ್ಷೀರವ್ರತ, ಸಂಕ್ರಾಂತಿಯಲ್ಲಿ ಕ್ಷೀರವ್ರತ. ಕೆಂಟನ್ನಿನ ಗುಜರಾತಿಗಳಿಗೆ ನಮ್ಮ ಪಂಚಾಂಗ ಗೊತ್ತಿಲ್ಲ. ಬೆಂಗಳೂರಿನಿಂದ ಹೊಸದಾಗಿ ಬಂದ ಕಂಪ್ಯೂಟರ್ ಹುಡುಗರಿಗೆ ಯಾವ ಪಂಚಾಂಗವೂ ಗೊತ್ತಿಲ್ಲ. ಒಬ್ಬನಂತೂ ಬಗ್ಗಿ ಕಾಲುಮುಟ್ಟಿ, "ಸಾರ್, ಈ ಕಾಲದಲ್ಲೂ ಇಷ್ಟು ನಿಷ್ಠೆ!" ಎಂದುಬಿಟ್ಟ.

ಜನವರಿಯಲ್ಲಿ ರೇಡಿಯೇಷನ್. ಏಳು ವಾರ, ಶನಿವಾರ ಭಾನುವಾರ ಬಿಟ್ಟು ದಿನಾ. ಸುಬ್ಬುವಿಗೆ ಪಾಳಿ ಬದಲಾಗಿದೆ ಎಂದಿದ್ದೆ. ಅಲ್ಲಿಯ ಕಾಯುವ ಕೋಣೆಯಲ್ಲಿ ಡೆಸ್ಮಂಡ್ ಎಂಬ ಜಮೈಕಾದವನು ದಿನಾ ನನ್ನ ಪಕ್ಕ ಕೂರುತ್ತಿದ್ದ. ಕಿರಣ ಕೊಡುವಾಗ ತುಂಬಿರಬೇಕೆಂದು ಇಬ್ಬರೂ ಮೂತ್ರಕೋಶ ತುಂಬಿಕೊಂಡು, ಕಾಲು ಹೆಣೆದುಕೊಂಡು ಕರೆ ಬರುವುದನ್ನು ಕಾಯುತ್ತಿದ್ದೆವು. ಯಂತ್ರ ಕೆಟ್ಟು ತಡವಾದ ದಿನ ಅವನು ನನ್ನ ಕೈ ಹಿಡಿದುಕೊಂಡು, "ಅಣೆಕಟ್ಟು ಒಡೆಯುತ್ತೆ ಬ್ರದರ್, ಏನಾದರೂ ಮಾತಾಡು" ಅಂದ. ಮಾತಾಡು ಎಂದು ತಾನೇ ಮಾತಾಡಿದ. ಅವನ ಅಣ್ಣನಿಗೆ ಬಂದಿತ್ತಂತೆ. ಡಾಕ್ಟರ ಕೋಣೆಯಿಂದ ಹೊರಬಿದ್ದವನೇ ಅಣ್ಣ ಇವನಿಗೆ ಫೋನ್ ಮಾಡಿದನಂತೆ. "ಅವನು ಬಾಯಿ ಮುಚ್ಚಿಕೊಂಡಿದ್ದರೆ ನಾನು ಇಲ್ಲಿ ಅಲ್ಲ, ಮಣ್ಣಿನಡಿ ಇರುತ್ತಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನೆಲದ ಟೈಲು ನೋಡುತ್ತ ಕೂತೆ. ಆಗ ನನಗೆ ಬುದ್ಧಿ ಬಂತು ಎಂದು ಬರೆಯಲು ಆಸೆ. ಬರಲಿಲ್ಲ. ಅಂಥ ಅಣ್ಣನನ್ನು ಪಡೆದ ಡೆಸ್ಮಂಡನ ಮೇಲೂ ಹೊಟ್ಟೆಕಿಚ್ಚಾಯಿತು. ನನಗೆ ಹಾಗೆ ಫೋನ್ ಮಾಡಲು ಅಣ್ಣನೇ ಇರಲಿಲ್ಲವಲ್ಲ.

ಯುಗಾದಿ ಬಂತು. ಕೆಂಟನ್ನಿನಲ್ಲಿ ಒಂದು ಶಾಲೆಯ ಹಾಲ್ ಬಾಡಿಗೆ ಹಿಡಿದು ಕನ್ನಡದವರೆಲ್ಲ ಸೇರಿ ಊಟ ಹಾಕಿಸಿದ್ದರು. ಉದ್ದ ಮೇಜಿನಲ್ಲಿ ಕಾಗದದೆಲೆ. ಸುಬ್ಬು ಪೌಲಿನ್ನಳನ್ನು ಕರೆದುಕೊಂಡು ಬಂದು ನನ್ನ ಎದುರಿಗೇ ಕೂತ. ಶ್ಯಾವಿಗೆ ಪಾಯಸ ಬಂತು. ಬಡಿಸುವವನಿಗೆ ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದು, ಅಭ್ಯಾಸಬಲದಿಂದ, "ಬೇಡಪ್ಪ, ಕ್ಷೀರವ್ರತ" ಎಂದೆ. ಪಕ್ಕದ ಮೈಸೂರಿನ ದಂಪತಿ ಮೆಚ್ಚಿ ತಲೆದೂಗಿದರು.

ಸುಬ್ಬುವಿನ ಚಮಚ ಬಾಯಿಯ ಹತ್ತಿರ ನಿಂತಿತು. ಜನಿವಾರ ಬಿಟ್ಟವನಿಗೂ ಅಪ್ಪಯ್ಯನ ಮನೆಯ ವರ್ಷದ ಲೆಕ್ಕ ಮರೆತಿರಲಿಲ್ಲ. "ಅಣ್ಣ," ಎಂದ ತಗ್ಗಿದ ದನಿಯಲ್ಲಿ, "ಇವತ್ತ್ ಚೈತ್ರ ಹುಟ್ಟಿದ್ದ್. ಕ್ಷೀರವ್ರತ ಎಲ್ಲಿಂದ ಬಂತ್?"

ಅಷ್ಟು ಜನ ಭಕ್ತರು ನಂಬಿದ ಸುಳ್ಳನ್ನು ಬೇಕನ್ ತಿನ್ನುವವನೊಬ್ಬ ಹಿಡಿದಿದ್ದ. ಕೊಲೆಸ್ಟ್ರಾಲ್ ಎಂದು ತೊದಲಿದೆ. ಊಟವಾದ ಮೇಲೆ ಕಾರ್ ಪಾರ್ಕಿನಲ್ಲಿ ಅವನು ಬೆನ್ನಟ್ಟಿ ಬಂದ.

"ನೀ ಬಡಕಲಾಯ್ದೆ. ಮುಖ ಊದಿತ್. ಎಂತ ಆಯ್ತ್ ಹೇಳ್."

"ಎಂತದೂ ಇಲ್ಲ. ವಯಸ್ಸಾಯ್ತಲೆ."

"ವಯಸ್ಸ್ ನಂಗೂ ಆಯ್ತ್ ಮಾರಾಯ," ಎಂದು ಅವನು ನಕ್ಕ. "ಈಗೀಗ ಬಸ್ ಕೊನೆ ಸ್ಟಾಪಿಗ್ ಮುಟ್ಟುಕಿಲ್ಲ, ಓಡ್ಕ್ ಟಾಯ್ಲೆಟ್ಟಿಗ್. ಮೊನ್ನೆ ಅರ್ಧ ದಾರಿಯಲ್ಲೇ ನಿಲ್ಸಿ ಒಂದ್ ಪಬ್ಬಿಗ್ ನುಗ್ಗಿದೆ. ಪ್ಯಾಸೆಂಜರೆಲ್ಲ ಬೈದ್ರ್."

ಅವನು ನಗುತ್ತಲೇ ಇದ್ದ. ನಾನು ಆಗಲೂ ಹೇಳಲಿಲ್ಲ. ಪೌಲಿನ್ ಕಾರಿನಿಂದ ಕರೆದಳು, ಅವನು ಹೋದ.

ಅವನು ಹೋಗುವ ಮೊದಲು ಶಾರದೆಯನ್ನು, "ಅತ್ತಿಗೆ, ಅಣ್ಣಂಗ್ ಎಂತ ಆಯ್ತ್ ನಿಜ ಹೇಳಿ" ಎಂದು ಕೇಳಿದ್ದನಂತೆ. ಮನೆಗೆ ಬಂದವಳೇ ಅವಳು ಸೀರೆ ಬದಲಿಸದೆ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ನೀವ್ ಹೇಳ್ಲೇ ಇಲ್ಲ ಅಲ್ದಾ?"

ನಾನು ನಲ್ಲಿ ತಿರುಗಿಸಿ ಲೋಟ ತೊಳೆಯತೊಡಗಿದೆ.

"ಏಳ್ ತಿಂಗಳ್! ಮೈಮೇಲೆ ಖಬರ್ ಇತ್ತಾ ನಿಮ್ಗೆ? ನಾಚ್ಕಿ ಅಂತ ನಂಗ್ ಬಾಯಿ ಮುಚ್ಸಿದ್ರಿ. ಅವ್ನಿಗೆ ಎಂತಾರೂ ಆರೆ ಆ ಪೌಲಿನ್ ಮುಖ ನಾನ್ ಹ್ಯಾಂಗ್ ಕಾಂಬುದ್?" ಅವಳು ಕೂಗಲಿಲ್ಲ. ಅಳಲೂ ಇಲ್ಲ. "ನಾಳೆ ಬೈಸಾರಿ ದೀಪ ಹಚ್ಚುದ್ರೊಳ್ಗೆ ನೀವ್ ಹೇಳ್ದಿರೆ, ನಾನ್ ಹೇಳ್ತೆ."

ಮರುದಿನ ಮಧ್ಯಾಹ್ನ ನಾನು ನಮ್ಮ ಸ್ಟಾಪಿನಲ್ಲಿ ಮೂರು ಬಸ್ಸು ಬಿಟ್ಟು ಸುಬ್ಬುವಿನ ಬಸ್ಸಿಗೆ ಹತ್ತಿದೆ. ಅವನು ಹುಬ್ಬೇರಿಸಿದ. "ಎಲ್ಲಿಗ್ ಅಣ್ಣ?"

"ಕೊನೆವರೆಗೆ."

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು. ಅವನು ಇಂಜಿನ್ ಆರಿಸಿ, ನನಗೆ ಕೈಸನ್ನೆ ಮಾಡಿ, ಡ್ರೈವರುಗಳ ಶೌಚಾಲಯಕ್ಕೆ ಓಡಿದ. ಬಂದು ಎದುರಿನ ಸೀಟಿನಲ್ಲಿ ಕೂತ. ಹೇಳಿದೆ. ಕ್ಯಾನ್ಸರ್, ಇಂಜೆಕ್ಷನ್, ರೇಡಿಯೇಷನ್, ಎಲ್ಲ. ಅವನು ಗಾದೆ ಎತ್ತಲಿಲ್ಲ, ಕಡುಬಿನ ಮಾತು ಎತ್ತಲಿಲ್ಲ. ನನ್ನ ಎರಡೂ ಕೈ ಹಿಡಿದುಕೊಂಡು, "ಒಬ್ಬನೇ ಹೋಯಿ ಬಂದ್ಯಾ ದಿನಾ? ಬಸ್ಸಿನಾಗೆ? ನಂಗ್ ಹೇಳಿರೆ ನಾ ಕರ್ಕಂಡ್ ಹೋತಿರ್ಲಿಲ್ಯಾ?" ಎಂದು ಅತ್ತ. ಅವನ ಸಮವಸ್ತ್ರದ ತೋಳೆಲ್ಲ ಒದ್ದೆಯಾಯಿತು.

"ನೀನೂ ರಕ್ತ ತೆಗ್ಸ್ಕ್ ಅಂಬ್ರ್. ಅಣ್ಣತಮ್ಮಂದ್ರಿಗ್ ಬತ್ತ್ ಅಂಬ್ರ್," ಎಂದೆ. ಇಷ್ಟು ಹೇಳಿ ನಿಲ್ಲಿಸಬಹುದಿತ್ತು. "ಡಾಕ್ಟ್ರು ಮೊನ್ನೆ ಹೇಳಿದ್ದ್," ಎಂದು ಸೇರಿಸಿದೆ.

ಹೊರಗೆ ಜನ ಬಾಗಿಲು ಬಡಿಯುತ್ತಿದ್ದರು. ಅವನು ಮೂಗೊರೆಸಿಕೊಂಡು ಹೋಗಿ ಬಸ್ಸು ತೆಗೆದ. ದಾರಿಯುದ್ದಕ್ಕೂ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

ಅವನಿಗೂ ಇತ್ತು. ಜೂನಿನಲ್ಲಿ ಫೋನ್ ಮಾಡಿದ. ಸಣ್ಣದು, ಗ್ರಂಥಿಯ ಒಳಗೇ ಇದೆ, ಆಪರೇಷನ್ ಮಾಡಿ ತೆಗೆದರೆ ಮುಗಿಯಬಹುದು, ಇಂಜೆಕ್ಷನ್ ಗಿಂಜೆಕ್ಷನ್ ಬೇಡ. "ನೀ ಹೇಳಿದ್ದಕ್ಕೆ ಬಚಾವ್ ಆದೆ ಅಣ್ಣ," ಎಂದ. ಒಳ್ಳೆಯದಾಯಿತು ಎಂದು ಫೋನಿಟ್ಟು ಮೆಟ್ಟಿಲ ಮೇಲೆ ಕೂತೆ. ಅಳು ಬಂತು. ಅಳುವಿನ ಅಡಿಯಲ್ಲಿ ಹಳೆಯದೂ ಬಂತು: ಬೇಕನ್ ತಿಂದವನದು ಗೋಡೆ ದಾಟಲಿಲ್ಲ, ನನ್ನದು ದಾಟಿತು. ಅವನಿಗೆ ಕತ್ತರಿಸಿ ತೆಗೆದರೆ ಮುಗಿಯಿತು, ನನಗೆ ಜೀವಮಾನವಿಡೀ ಕಾಯುವ ಕೆಲಸ.

ಶಾರದೆ ನನ್ನ ಮುಖ ನೋಡಿಯೇ ಹಿಡಿದಳು. "ತಮ್ಮನ್ ಕ್ಯಾನ್ಸರಿಗೂ ಹೊಟ್ಟೆಕಿಚ್ಚ್ ಪಡುವವ್ರ್ ಲೋಕದಲ್ಲಿ ನೀವೊಬ್ರೇ ಮಾರಾಯ್ರೆ," ಎಂದಳು. ಆಮೇಲೆ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಳು. ಅವಳು ಎದ್ದು ಹೋಗಿದ್ದರೆ ನಾನು ಏನಾಗುತ್ತಿದ್ದೆನೋ ತಿಳಿಯದು.

ಆಪರೇಷನ್ ಆದ ಮೂರನೇ ದಿನ ಅವನನ್ನು ನೋಡಲು ಹೋದೆ. ಮಂಚದ ಪಕ್ಕ ಮೂತ್ರದ ಚೀಲ ತೂಗುತ್ತಿತ್ತು. ಮುಖ ಬಿಳಚಿಕೊಂಡಿತ್ತು. ಪೌಲಿನ್ ಚಹಾ ತರಲು ಕೆಳಗೆ ಹೋದಳು. ಸುಬ್ಬು ಮೇಲ್ಛಾವಣಿ ನೋಡುತ್ತಲೇ ಕೇಳಿದ.

"ಅಣ್ಣ, ರಿಸಲ್ಟ್ ಕೊಟ್ಟ ದಿನವೇ ಡಾಕ್ಟ್ರು ನನ್ನ್ ಕೇಂಡ್ರ್, ಗಂಡ್ಮಕ್ಳ್ ಇದ್ರಾ, ಅಣ್ಣತಮ್ಮ ಇದ್ರಾ ಅಂತ. ನಿಂಗ್ ಕೇಳ್ಲಿಲ್ಯಾ?"

ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನನ್ನದು ಬೇರೆ ಆಸ್ಪತ್ರೆ ಎಂದು ಹೇಳಿದ್ದರೆ ಅವನು ನಂಬುತ್ತಿದ್ದ.

"ಕೇಂಡ್ರ್," ಎಂದೆ.

"ಯಾವತ್ತ್?"

"ಮೊದಲ್ನೇ ದಿನ. ಹೋದ ವರ್ಷ, ಚೌತಿ ಹೊತ್ತಿಗೆ. ಇವತ್ತೇ ತಮ್ಮಂಗ್ ಹೇಳಿ ಅಂದಿದ್ರ್."

ಅವನು ಬೆರಳು ಮಡಿಸಿ ತಿಂಗಳು ಎಣಿಸುವುದು ಹೊದಿಕೆಯ ಮೇಲೆ ಕಾಣುತ್ತಿತ್ತು.

"ಎಂತಕ್ಕೆ ಹೇಳ್ಲಿಲ್ಲ?"

"ಹೊಟ್ಟೆಕಿಚ್ಚ್."

"ನನ್ನ್ ಕಂಡಾ?"

"ಹೌದ್. ನೀ ಎಲ್ಲ ತಿಂದ್ ಕುಡ್ದ್ ಗಟ್ಟಿ ಇದ್ದೆ. ನಿಂಗೂ ಬರ್ಲಿ ಅನ್ಸಿತ್ ನಂಗೆ."

ಪಕ್ಕದ ಮಂಚದವನು ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತಿದ್ದ. ನರ್ಸ್ ಬಂದು ಚೀಲ ನೋಡಿ, ಏನೋ ಬರೆದುಕೊಂಡು ಹೋದಳು. ಸುಬ್ಬು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡ. ಅವನು ಬೈಯಲಿ ಎಂದು ಕಾದೆ.

"ಹೋಗ್," ಎಂದ.

ನಮ್ಮ ಕಡೆ ಮನೆಯವರಿಗೆ ಹೋಗಿ ಬಾ ಅನ್ನುತ್ತೇವೆ. ಬರೀ ಹೋಗು ಅನ್ನುವುದಿಲ್ಲ. ಎದ್ದೆ. ಕೋಟು ಹಾಕಿಕೊಂಡು ಪರದೆ ಸರಿಸಿದಾಗ ಹಿಂದಿನಿಂದ ಅವನ ದನಿ ಬಂತು. ತಿರುಗಿ ನೋಡಿದೆ, ಅವನು ಗೋಡೆಯ ಕಡೆ ಮುಖ ಮಾಡಿದ್ದ.

"ನಾಳೆ ಎರಡ್ ಗಂಟೆಗ್ ಒಳ್ಗ್ ಬಿಡ್ತ್ರ್. ತಡ ಮಾಡ್ಬೇಡ."

ಮರುದಿನ ನಾನು ಹನ್ನೆರಡಕ್ಕೇ ಹೋಗಿ ವಾರ್ಡಿನ ಬಾಗಿಲ ಹೊರಗೆ ಕುಳಿತೆ.